ಹಸುಗೂಸಿನಿಂದ ನಡುವಯಸ್ಸಿನವರೆಗೆ: ಮೂತ್ರಪಿಂಡದ ಅಪರೂಪದ ಗಡ್ಡೆಗಳು

ಮೂತ್ರಪಿಂಡದ ಗಡ್ಡೆಗಳ ಬಗ್ಗೆ ಓದುಗರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ವರದಿಯ ಕೊನೆಯ ಸಾಲಿನಲ್ಲಿರುವ ಉದ್ದನೆಯ ಹೆಸರನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿ, 'ಇದು ಏನು, ಇದಕ್ಕೆ ಏನು ಮಾಡಬೇಕು' ಎಂದು ಕೇಳಿದ್ದಾರೆ. ನಾನು ವೃತ್ತಿಯಿಂದ ಪೆಥಾಲಜಿಸ್ಟ್. ರೋಗಿಯ ಮುಖ ನೋಡುವುದು ಕಡಿಮೆ, ರೋಗಿಯ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಹೆಚ್ಚು. ಆದ್ದರಿಂದ ಹೆಸರಿನ ವಿಷಯದಲ್ಲಿ ನನ್ನ ಉತ್ತರಗಳು ಸ್ವಲ್ಪ ಉದ್ದವಾದರೆ ಓದುಗರು ಸಹಿಸಿಕೊಳ್ಳಬೇಕು. ಪತ್ರ ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂಗಿಗೆ ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಗರ್ಭದ ನೀರು ಹೆಚ್ಚಾಗಿದೆ, ಮಗುವಿನ ಎಡ ಮೂತ್ರಪಿಂಡದಲ್ಲಿ ಗಡ್ಡೆ ಇದೆ ಎಂದರು. ಹುಟ್ಟಿದ ಹದಿನೆಂಟನೇ ದಿನ ಆ ಮೂತ್ರಪಿಂಡವನ್ನೇ ತೆಗೆದರು. ವರದಿಯಲ್ಲಿ 'ಕಂಜೆನಿಟಲ್ ಮೀಸೋಬ್ಲಾಸ್ಟಿಕ್ ನೆಫ್ರೋಮಾ, ಸೆಲ್ಯುಲಾರ್ ಬಗೆ' ಎಂದು ಬರೆದಿದೆ. ಇದು ಕ್ಯಾನ್ಸರೇ? ಕಿಮೋಥೆರಪಿ ಬೇಡ ಎನ್ನುತ್ತಿದ್ದಾರೆ. ಆಸೆ ಬಿಟ್ಟು ಹಾಗೆ ಹೇಳುತ್ತಿದ್ದಾರೋ ಎಂಬ ಭಯ ನಮಗೆ.

ಉತ್ತರ: ಆಸೆ ಬಿಟ್ಟು ಹೇಳಿದ ಮಾತಲ್ಲ ಅದು, ಈ ಗಡ್ಡೆಯ ಸ್ವಭಾವ ತಿಳಿದು ಹೇಳಿದ ಮಾತು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುವ ಮೂತ್ರಪಿಂಡದ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಇದೇ. ಗರ್ಭದಲ್ಲಿರುವಾಗಲೇ ನೀರು ಹೆಚ್ಚಾಗುವುದು, ಅವಧಿಗೆ ಮುಂಚೆ ಹೆರಿಗೆಯಾಗುವುದು, ಹುಟ್ಟಿದ ಮೇಲೆ ಮಗುವಿನ ರಕ್ತದೊತ್ತಡ ಏರುವುದು, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗುವುದು, ಇವೆಲ್ಲ ಈ ಗಡ್ಡೆಯ ಜೊತೆಗೆ ಬರಬಹುದಾದ ಲಕ್ಷಣಗಳು. ಇಡೀ ಗಡ್ಡೆಯನ್ನು ಮೂತ್ರಪಿಂಡದ ಸಮೇತ ಸರಿಯಾಗಿ ತೆಗೆದರೆ ಬಹುಪಾಲು ಮಕ್ಕಳಿಗೆ ಅದೇ ಪೂರ್ತಿ ಚಿಕಿತ್ಸೆ. ಬದುಕುಳಿಯುವವರ ಪ್ರಮಾಣ 95%ಕ್ಕಿಂತ ಹೆಚ್ಚು.

ಇದಕ್ಕೆ ಪ್ರತ್ಯೇಕ ಹೆಸರು ಬಂದ ಕಥೆಯನ್ನು ಇಲ್ಲಿ ಹೇಳಲೇಬೇಕು. 1967ರವರೆಗೆ ಹಸುಗೂಸಿನ ಮೂತ್ರಪಿಂಡದಲ್ಲಿ ಗಡ್ಡೆ ಕಂಡರೆ ಅದನ್ನು ದೊಡ್ಡ ಮಕ್ಕಳಲ್ಲಿ ಬರುವ ವಿಲ್ಮ್ಸ್ ಗಡ್ಡೆ ಎಂದೇ ಎಣಿಸಿ, ಅದೇ ಔಷಧ, ಅದೇ ವಿಕಿರಣ ಕೊಡುವ ರೂಢಿಯಿತ್ತು. ಆ ವರ್ಷ ಅಮೆರಿಕದ ಪೆಥಾಲಜಿಸ್ಟ್ ರಾಬರ್ಟ್ ಬೊಲಾಂಡೆ ಮತ್ತು ಸಂಗಡಿಗರು ಎಂಟು ಶಿಶುಗಳ ಗಡ್ಡೆಗಳನ್ನು ಪರೀಕ್ಷಿಸಿ, ಇದು ವಿಲ್ಮ್ಸ್ ಅಲ್ಲ, ಬೇರೆಯೇ ಸ್ವಭಾವದ, ಹೆಚ್ಚು ಸೌಮ್ಯವಾದ ಗಡ್ಡೆ ಎಂದು ತೋರಿಸಿದರು. ಎರಡು ಮೂರು ಕಿಲೋ ತೂಕದ ಕೂಸಿಗೆ ಅಗತ್ಯವಿಲ್ಲದ ಔಷಧ ಗಡ್ಡೆಗಿಂತ ಹೆಚ್ಚು ಕೆಡುಕು ಮಾಡಬಲ್ಲದು. ನಿಮ್ಮ ವೈದ್ಯರು ಕಿಮೋ ಬೇಡ ಎನ್ನುವುದರ ಹಿಂದೆ ಇಷ್ಟು ದಶಕಗಳ ಅನುಭವವಿದೆ.

ಇನ್ನು 'ಸೆಲ್ಯುಲಾರ್' ಎಂಬ ಪದ. ಈ ಗಡ್ಡೆಯಲ್ಲಿ ಕ್ಲಾಸಿಕ್, ಸೆಲ್ಯುಲಾರ್, ಎರಡೂ ಬೆರೆತದ್ದು ಎಂದು ಮೂರು ಬಗೆ. ಕ್ಲಾಸಿಕ್ ಬಗೆಯನ್ನು ಪ್ರಯೋಗಾಲಯದ ಮೇಜಿನ ಮೇಲೆ ಕತ್ತರಿಸಿದರೆ ಗರ್ಭಕೋಶದ ಫೈಬ್ರಾಯ್ಡ್ ಕತ್ತರಿಸಿದಂತೆಯೇ ಇರುತ್ತದೆ: ಗಟ್ಟಿ, ಬೆಳ್ಳಗೆ, ನೂಲು ಸುತ್ತಿದ ಹಾಗೆ ಸುರುಳಿ ಸುರುಳಿ. ಸೆಲ್ಯುಲಾರ್ ಬಗೆ ಹಾಗಲ್ಲ. ಮೆತ್ತಗೆ, ಮಾಂಸದಂತೆ, ನಡುನಡುವೆ ರಕ್ತ ಸುರಿದ ಗುಳಿಗಳೊಂದಿಗೆ ಇರುತ್ತದೆ; ಬೇಗ ಬೆಳೆಯುತ್ತದೆ. ಮೂರರಲ್ಲಿ ಎರಡರಷ್ಟು ಗಡ್ಡೆಗಳು ಸೆಲ್ಯುಲಾರ್ ಬಗೆಯವೇ. 1998ರಲ್ಲಿ ಈ ಬಗೆಯ ಜೀವಕೋಶಗಳಲ್ಲಿ 12ನೇ ಮತ್ತು 15ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಎಂಬ ಎರಡು ವಂಶವಾಹಿಗಳು ಒಂದಕ್ಕೊಂದು ಅಂಟಿಕೊಂಡಿರುವುದು ಪತ್ತೆಯಾಯಿತು. ಕೂಸುಗಳ ಕೈಕಾಲುಗಳಲ್ಲಿ ಬರುವ 'ಇನ್‌ಫಂಟೈಲ್ ಫೈಬ್ರೋಸಾರ್ಕೋಮಾ' ಎಂಬ ಗಡ್ಡೆಯಲ್ಲೂ ಇದೇ ಅಂಟು. ಅಂದರೆ ಅದೇ ಗಡ್ಡೆ ಮೂತ್ರಪಿಂಡದಲ್ಲಿ ಹುಟ್ಟಿದೆ ಎಂದು ತಿಳಿದರೂ ತಪ್ಪಾಗದು.

ಮತ್ತೆ ತಲೆಯೆತ್ತುವ ಸಾಧ್ಯತೆ ಇರುವುದು ಮುಖ್ಯವಾಗಿ ಈ ಸೆಲ್ಯುಲಾರ್ ಬಗೆಗೆ, ಅದರಲ್ಲೂ ಮೂರು ತಿಂಗಳು ದಾಟಿದ ಮಕ್ಕಳಲ್ಲಿ, ಗಡ್ಡೆಯ ಅಂಚು ಒಳಗೆ ಉಳಿದಾಗ ಅಥವಾ ಶಸ್ತ್ರಕ್ರಿಯೆಯ ವೇಳೆ ಗಡ್ಡೆ ಒಡೆದಾಗ. ಹಾಗೆ ಮರುಕಳಿಸುವುದಿದ್ದರೆ ಸಾಮಾನ್ಯವಾಗಿ ಮೊದಲ ಒಂದು ವರ್ಷದೊಳಗೇ ಮರುಕಳಿಸುತ್ತದೆ. ನಿಮ್ಮ ತಂಗಿಯ ಮಗುವಿಗೆ ಹದಿನೆಂಟನೇ ದಿನವೇ ಶಸ್ತ್ರಕ್ರಿಯೆಯಾಗಿರುವುದು ಒಳ್ಳೆಯ ಸಂಗತಿ. ನೀವು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಕಿಮೋ ಯಾಕೆ ಇಲ್ಲ ಎಂಬುದಲ್ಲ. ಗಡ್ಡೆ ಒಡೆಯದೆ ಇಡಿಯಾಗಿ ಬಂತೇ, ಅಂಚುಗಳಲ್ಲಿ ಗಡ್ಡೆಯ ಕೋಶಗಳಿದ್ದವೇ, ಅಲ್ಟ್ರಾಸೌಂಡ್ ಎಷ್ಟು ತಿಂಗಳಿಗೊಮ್ಮೆ ಎಂಬುದು. ಎರಡು ಮೂರು ತಿಂಗಳಿಗೊಮ್ಮೆ ಎಂದು ಹೇಳಿದರೆ ಮಗು ಚೆನ್ನಾಗಿ ಆಡಿಕೊಂಡಿದೆ ಎಂದು ತಪ್ಪಿಸಬೇಡಿ. ಒಂದು ವೇಳೆ ಮರುಕಳಿಸಿದರೂ ದಾರಿ ಮುಚ್ಚಿಲ್ಲ. ಆ ಅಂಟಿದ ವಂಶವಾಹಿಯ ಕೆಲಸವನ್ನೇ ತಡೆಯುವ ಲಾರೊಟ್ರೆಕ್ಟಿನಿಬ್ ಎಂಬ ಔಷಧಕ್ಕೆ 2018ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಶಿಶುಗಳಿಗಾಗಿ ಅದು ಬಾಯಿಗೆ ಹಾಕುವ ದ್ರವರೂಪದಲ್ಲೂ ಇದೆ. ಬೆಲೆ ಬಹಳ ದುಬಾರಿ, ನಿಜ. ಆದರೆ ವರದಿಯಲ್ಲಿ ಆ ವಂಶವಾಹಿ ಪರೀಕ್ಷೆಯ ಫಲಿತಾಂಶ ದಾಖಲಾಗಿದ್ದರೆ ಮುಂದೆಂದಾದರೂ ಬೇಕಾದಾಗ ಹುಡುಕಾಡಬೇಕಾಗಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ 49 ವರ್ಷ. ಗ್ಯಾಸ್ಟ್ರಿಕ್ ಎಂದು ಸ್ಕ್ಯಾನ್ ಮಾಡಿಸಿದಾಗ ಬಲ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಿರುವ 6 ಸೆಂ.ಮೀ. ಗಡ್ಡೆ ಕಂಡು ಅದನ್ನು ತೆಗೆದರು. ಒಂದು ಪ್ರಯೋಗಾಲಯ 'ಮಿಕ್ಸ್ಡ್ ಎಪಿಥೀಲಿಯಲ್ ಅಂಡ್ ಸ್ಟ್ರೋಮಲ್ ಟ್ಯೂಮರ್' ಎಂದಿತು, ಇನ್ನೊಬ್ಬರು 'ಅಡಲ್ಟ್ ಮೀಸೋಬ್ಲಾಸ್ಟಿಕ್ ನೆಫ್ರೋಮಾ' ಎಂದರು. ಹುಡುಕಿ ಓದಿದರೆ ಅದು ಕೂಸುಗಳ ಕಾಯಿಲೆ ಎಂದಿದೆ. ಯಾವುದು ಸರಿ?

ಉತ್ತರ: ಇಬ್ಬರೂ ಒಂದೇ ಗಡ್ಡೆಯನ್ನು ಕಂಡಿದ್ದಾರೆ; ಎರಡನೆಯವರು ಹಳೆಯ ಹೆಸರನ್ನು ಬಳಸಿದ್ದಾರೆ. ನಾರಿನಂಥ ಅಂಗಾಂಶವೂ ಅದರ ನಡುವೆ ನಾಳಗಳೂ ಗುಳ್ಳೆಗಳೂ ಇರುವ ಈ ಗಡ್ಡೆ ಹಿರಿಯರಲ್ಲಿ ಕಂಡಾಗ, ಕೂಸಿನ ಗಡ್ಡೆಯನ್ನು ಹೋಲುತ್ತದೆಂದು ಹಿಂದಿನವರು ಆ ಹೆಸರಿಟ್ಟರು. 1998ರಲ್ಲಿ ಝೆಕ್ ದೇಶದ ಪೆಥಾಲಜಿಸ್ಟ್ ಮಿಖಾಲ್ ಮಿಖಾಲ್ ಮತ್ತು ಸಹೋದ್ಯೋಗಿ ಈಗಿನ ಹೆಸರನ್ನು ಮುಂದಿಟ್ಟರು. ವಂಶವಾಹಿಗಳನ್ನು ನೋಡಲು ಬಂದ ಮೇಲೆ ಅವರ ಮಾತೇ ನಿಂತಿತು: ಕೂಸಿನ ಸೆಲ್ಯುಲಾರ್ ಗಡ್ಡೆಯಲ್ಲಿರುವ ಆ ಅಂಟು ಇದರಲ್ಲಿ ಇಲ್ಲ. ಹೆಸರು ಒಂದೇ ಆದರೂ ನೆಂಟಸ್ತಿಕೆ ಇಲ್ಲ.

ಇದು ಬರುವುದು ಬಹುಪಾಲು ಹೆಂಗಸರಿಗೆ, ಅದೂ ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸಿನಲ್ಲಿ. ಗಡ್ಡೆಯ ನಾರಿನ ಭಾಗಕ್ಕೆ ವಿಶೇಷ ಬಣ್ಣ ಹಾಕಿದರೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳ ಗ್ರಾಹಕಗಳು ಹೊಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅಂಡಾಶಯದ ಅಂಗಾಂಶ ನೋಡುತ್ತಿದ್ದೇನೋ ಎಂಬ ಭ್ರಮೆಯಾಗುವಷ್ಟು ಹೋಲಿಕೆ. ಸ್ಕ್ಯಾನಿನಲ್ಲಿ ಮಾತ್ರ ಇದು ಗುಳ್ಳೆಗಳುಳ್ಳ ಮೂತ್ರಪಿಂಡದ ಕ್ಯಾನ್ಸರಿನಂತೆಯೇ ಕಾಣುವುದರಿಂದ, ತೆಗೆಯುವ ಮೊದಲೇ ಖಚಿತವಾಗಿ ಹೇಳುವುದು ಕಷ್ಟ. ಆದ್ದರಿಂದ ಸುಮ್ಮನೆ ಶಸ್ತ್ರಕ್ರಿಯೆ ಮಾಡಿಬಿಟ್ಟರು ಎಂದು ಕೊರಗಬೇಡಿ. ಇದು ಕೆಡುಕಿಲ್ಲದ ಗಡ್ಡೆ; ಕೆಟ್ಟದಾಗಿ ತಿರುಗಿದ ಉದಾಹರಣೆಗಳು ತೀರಾ ವಿರಳ. ವರದಿಯಲ್ಲಿ ಅಂಥ ಮಾತಿಲ್ಲದಿದ್ದರೆ ಮುಂದಿನ ಔಷಧ ಏನೂ ಬೇಡ. ನಿಮ್ಮ ಹೆಂಡತಿ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಸ್ತ್ರೀರೋಗ ತಜ್ಞರಿಗೂ ಮೂತ್ರರೋಗ ತಜ್ಞರಿಗೂ ತಿಳಿಸಿ.

ಪ್ರಶ್ನೆ: ಮೂರೂವರೆ ವರ್ಷದ ಮಗಳಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಹೊಟ್ಟೆಯ ಬಲಗಡೆ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಜಂತು ಎಂದು ಔಷಧ ಹಾಕಿದೆವು. ಹತ್ತು ದಿನದ ಮೇಲೆ ಮೂತ್ರ ಕೆಂಪಾಯಿತು. ಈಗ ವಿಲ್ಮ್ಸ್ ಟ್ಯೂಮರ್ ಎನ್ನುತ್ತಿದ್ದಾರೆ. ಆದರೆ ಬಯಾಪ್ಸಿಯನ್ನೇ ಮಾಡದೆ ಕಿಮೋಥೆರಪಿ ಶುರು ಮಾಡುತ್ತಾರಂತೆ. ಪರೀಕ್ಷೆಯಿಲ್ಲದೆ ಕ್ಯಾನ್ಸರಿನ ಔಷಧ ಕೊಡಬಹುದೇ?

ಉತ್ತರ: ಮೊದಲು ಒಂದು ಮಾತು. ಈ ಪತ್ರ ಓದುತ್ತಿರುವ ಅಜ್ಜಿಯರು, ಚಿಕ್ಕಮ್ಮಂದಿರು ಗಮನಿಸಬೇಕು: ಇಂಥ ಗಡ್ಡೆ ಸಿಕ್ಕಿದೆ ಎಂದ ಮೇಲೆ ಬಂದ ಬಂದವರೆಲ್ಲ ಹೊಟ್ಟೆ ಒತ್ತಿ ನೋಡಬಾರದು, ಎಣ್ಣೆ ಹಚ್ಚಿ ನೀವುವುದಂತೂ ಬೇಡವೇ ಬೇಡ. ಒತ್ತಡಕ್ಕೆ ಗಡ್ಡೆ ಒಡೆಯುವ ಅಪಾಯವಿದೆ. ಮಕ್ಕಳ ವಾರ್ಡುಗಳಲ್ಲಿ ಅಂಥ ಮಗುವಿನ ಮಂಚಕ್ಕೆ 'ಹೊಟ್ಟೆ ಮುಟ್ಟಬೇಡಿ' ಎಂಬ ಚೀಟಿ ಅಂಟಿಸುವುದು ಇದೇ ಕಾರಣಕ್ಕೆ.

ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ವಿವರವಾಗಿ ಬರೆದ ಈ ಗಡ್ಡೆ ಮಕ್ಕಳ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಿದೆ. ಮೂರು ನಾಲ್ಕು ವರ್ಷದ ಆಸುಪಾಸಿನ ಮಗು, ಒಂದು ಬದಿಯ ಮೂತ್ರಪಿಂಡದೊಳಗಿಂದಲೇ ಎದ್ದ ಗಡ್ಡೆ, ಚೆನ್ನಾಗಿ ಆಡಿಕೊಂಡಿದ್ದ ಮಗುವಿನಲ್ಲಿ ಇದ್ದಕ್ಕಿದ್ದಂತೆ ಕಂಡ ಹೊಟ್ಟೆ ಊತ: ಇಷ್ಟು ಹೊಂದಿದಾಗ ಸ್ಕ್ಯಾನ್ ಚಿತ್ರವೇ ಬಹಳ ಮಟ್ಟಿಗೆ ಖಚಿತ ಸಾಕ್ಷಿ. ಇದನ್ನು ಹೋಲುವ ನ್ಯೂರೋಬ್ಲಾಸ್ಟೋಮಾ ಎಂಬ ಗಡ್ಡೆ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಹುಟ್ಟಿ ಮೂತ್ರಪಿಂಡವನ್ನು ಪಕ್ಕಕ್ಕೆ ತಳ್ಳುತ್ತದೆ. ಅದು ಮೂತ್ರದಲ್ಲಿ ಬಿಡುವ ರಾಸಾಯನಿಕಗಳನ್ನು ಅಳೆದರೆ ಸಾಮಾನ್ಯವಾಗಿ ಗುರುತು ಸಿಗುತ್ತದೆ.

ಬಯಾಪ್ಸಿಗೆಂದು ಸೂಜಿ ಹಾಕದಿರುವುದಕ್ಕೆ ಕಾರಣ ಗಡ್ಡೆಯ ಸ್ವಭಾವ. ವಿಲ್ಮ್ಸ್ ಗಡ್ಡೆ ತೆಳು ಹೊದಿಕೆಯೊಳಗೆ ತುಂಬಿಕೊಂಡ ಮೆತ್ತನೆಯ ಮುದ್ದೆ. ಮುಂಭಾಗದಿಂದ ಚುಚ್ಚಿದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲಬಹುದು. ಅಮೆರಿಕದ ಪದ್ಧತಿಯಲ್ಲಂತೂ ಶಸ್ತ್ರಕ್ರಿಯೆಗೆ ಮುಂಚೆ ಸೂಜಿ ಹಾಕಿದ ಗಡ್ಡೆಯನ್ನು ಮೂರನೇ ಹಂತಕ್ಕೆ ಏರಿಸಿ, ಹೊಟ್ಟೆಗೆ ವಿಕಿರಣವನ್ನೂ ಸೇರಿಸುತ್ತಾರೆ. ಒಂದು ಸೂಜಿ ಮಗುವಿನ ಚಿಕಿತ್ಸೆಯ ಭಾರವನ್ನೇ ಹೆಚ್ಚಿಸಿಬಿಡುತ್ತದೆ.

ಜಗತ್ತಿನಲ್ಲಿ ಎರಡು ಪಂಥಗಳಿವೆ. ಅಮೆರಿಕದವರು ಸಾಧ್ಯವಿದ್ದರೆ ಮೊದಲು ಮೂತ್ರಪಿಂಡ ತೆಗೆದು, ಪರೀಕ್ಷಿಸಿ, ಆಮೇಲೆ ಔಷಧ ಕೊಡುತ್ತಾರೆ. ಯುರೋಪಿನ ಸಿಯೋಪ್ ಎಂಬ ಮಕ್ಕಳ ಕ್ಯಾನ್ಸರ್ ತಜ್ಞರ ಗುಂಪು ಮೊದಲು ನಾಲ್ಕು ವಾರ ವಿಂಕ್ರಿಸ್ಟಿನ್ ಮತ್ತು ಆಕ್ಟಿನೋಮೈಸಿನ್ ಕೊಟ್ಟು ಗಡ್ಡೆ ಕುಗ್ಗಿಸಿ, ಒಡೆಯುವ ಅಪಾಯ ಕಡಿಮೆ ಮಾಡಿಕೊಂಡು, ಆಮೇಲೆ ಶಸ್ತ್ರಕ್ರಿಯೆ ಮಾಡುತ್ತದೆ. ಎರಡರ ಫಲಿತಾಂಶವೂ ಹೆಚ್ಚು ಕಡಿಮೆ ಒಂದೇ. ನಮ್ಮಲ್ಲಿ ಮಗು ಆಸ್ಪತ್ರೆಗೆ ಬರುವಷ್ಟರಲ್ಲಿ ಗಡ್ಡೆ ದೊಡ್ಡದಾಗಿರುವುದೇ ಹೆಚ್ಚಾದ್ದರಿಂದ ಎರಡನೆಯ ದಾರಿ ನನಗೆ ವಿವೇಕದ್ದಾಗಿ ತೋರುತ್ತದೆ. ಒಂದು ವಿನಾಯಿತಿಯಿದೆ: ಆರು ತಿಂಗಳೊಳಗಿನ ಕೂಸಿಗೆ ಸಿಯೋಪ್ ಪಂಥದವರೂ ಮೊದಲು ಔಷಧ ಕೊಡುವುದಿಲ್ಲ. ಆ ವಯಸ್ಸಿನಲ್ಲಿ ಅದು ಮೇಲಿನ ಮೊದಲ ಪತ್ರದಲ್ಲಿ ಹೇಳಿದ ಸೌಮ್ಯ ಗಡ್ಡೆಯೇ ಆಗಿರಬಹುದಲ್ಲ.

ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ಮೂತ್ರಪಿಂಡವನ್ನೂ ಎದೆಯನ್ನೂ ಸ್ಕ್ಯಾನ್ ಮಾಡಿರುತ್ತಾರೆ. ಈ ಗಡ್ಡೆ ಕೆಲವು ಮಕ್ಕಳಿಗೆ ಎರಡೂ ಬದಿಯಲ್ಲಿ ಬರುತ್ತದೆ, ಹರಡಿದರೆ ಮೊದಲು ಶ್ವಾಸಕೋಶಕ್ಕೆ ಹೋಗುತ್ತದೆ. ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಗುಣವಾಗುವ ಕಾಯಿಲೆ ಇದು. ಚಿಕಿತ್ಸೆ ನಡುವೆ ನಿಂತರೆ ಆ ಲೆಕ್ಕ ಉಳಿಯುವುದಿಲ್ಲ. ಬಸ್ಸಿನ ಖರ್ಚು, ಉಳಿದುಕೊಳ್ಳಲು ಜಾಗ ಇಲ್ಲವೆಂಬ ಕಾರಣಕ್ಕೆ ಮೂರನೇ ವಾರಕ್ಕೆ ಮರಳಿ ಬಾರದ ಕುಟುಂಬಗಳಿವೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಭೇಟಿಯಾಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ಕೆಲಸ ಮುಗಿಸಿಕೊಳ್ಳಿ.

ಪ್ರಶ್ನೆ: ಅಣ್ಣನ ಹತ್ತು ತಿಂಗಳ ಮಗನಿಗೆ ಮೂತ್ರಪಿಂಡದಲ್ಲಿ 'ರ್‍ಯಾಬ್ಡಾಯ್ಡ್ ಟ್ಯೂಮರ್' ಎಂದರು. ಗಡ್ಡೆ ಹೊಟ್ಟೆಯಲ್ಲಿರುವಾಗ ತಲೆಗೆ ಎಂ.ಆರ್.ಐ. ಏಕೆ? ತಂದೆತಾಯಿಯ ರಕ್ತವನ್ನೂ ಕೇಳುತ್ತಿದ್ದಾರೆ. ಅತ್ತಿಗೆಯ ಕಡೆಯಿಂದ ಬಂತೆಂದು ಮನೆಯಲ್ಲಿ ಮಾತು ಶುರುವಾಗಿದೆ.

ಉತ್ತರ: ಆ ಮಾತನ್ನು ಇವತ್ತೇ ನಿಲ್ಲಿಸಿ. ಈ ಗಡ್ಡೆಗೆ ಕಾರಣ 22ನೇ ವರ್ಣತಂತುವಿನಲ್ಲಿರುವ ಎಸ್‌ಎಂಎಆರ್‌ಸಿಬಿ1 ಎಂಬ ವಂಶವಾಹಿ ಕೆಲಸ ಕಳೆದುಕೊಳ್ಳುವುದು. ಹೆಚ್ಚಿನ ಮಕ್ಕಳಲ್ಲಿ ಆ ತಪ್ಪು ಗಡ್ಡೆಯೊಳಗೆ ಮಾತ್ರ ಇರುತ್ತದೆ; ಕೆಲವರಲ್ಲಿ ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ. ಹಾಗಿದ್ದಾಗಲೂ ಅದು ಸಾಮಾನ್ಯವಾಗಿ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ತಪ್ಪು, ಯಾರ ಕಡೆಯಿಂದಲೂ ಬಂದದ್ದಲ್ಲ. ರಕ್ತ ಕೇಳುವುದು ದೂರು ಹೊರಿಸಲಿಕ್ಕಲ್ಲ, ಮುಂದಿನ ಮಗುವಿನ ವಿಷಯದಲ್ಲಿ ಸರಿಯಾದ ಸಲಹೆ ಕೊಡಲಿಕ್ಕೆ. ತಲೆಯ ಎಂ.ಆರ್.ಐ. ಏಕೆಂದರೆ, ಅದೇ ತಪ್ಪಿನಿಂದ ಮಿದುಳಿನಲ್ಲಿ ಇನ್ನೊಂದು ಗಡ್ಡೆ ಸ್ವತಂತ್ರವಾಗಿ ಹುಟ್ಟಬಹುದು. ಮೂತ್ರಪಿಂಡದ್ದು ಅಲ್ಲಿಗೆ ಹರಡಲೂಬಹುದು.

ನಮ್ಮ ಮೇಜಿನ ಮೇಲೆ ಇದನ್ನು ಗುರುತಿಸುವ ಬಗೆ ಹೇಳುತ್ತೇನೆ. ಆ ವಂಶವಾಹಿ ತಯಾರಿಸುವ ಪ್ರೋಟೀನಿಗೆ ಕಂದು ಬಣ್ಣ ಹಿಡಿಸುವ ಪರೀಕ್ಷೆಯಿದೆ. ಆರೋಗ್ಯವಂತ ಕೋಶಗಳ ಒಳಗಿನ ಬೀಜಗಳೆಲ್ಲ (ನ್ಯೂಕ್ಲಿಯಸ್) ಕಾಫಿಪುಡಿ ಚೆಲ್ಲಿದ ಹಾಗೆ ಕಂದಾಗಿ ಕಾಣುತ್ತವೆ. ರ್‍ಯಾಬ್ಡಾಯ್ಡ್ ಗಡ್ಡೆಯಲ್ಲಿ ರಕ್ತನಾಳದ ಗೋಡೆಯ ಕೋಶಗಳು ಮಾತ್ರ ಕಂದು. ಸುತ್ತಲಿನ ಗಡ್ಡೆಯ ಕೋಶಗಳ ಬೀಜಗಳು ಬರಿ ನೀಲಿ. ಆ ನೀಲಿ ಹರವನ್ನು ಕಂಡ ದಿನ ವರದಿ ಬರೆಯಲು ಕೈ ಏಳುವುದಿಲ್ಲ. 1978ರಲ್ಲಿ ಬೆಕ್‌ವಿತ್ ಮತ್ತು ಪಾಮರ್ ಎಂಬ ಸಂಶೋಧಕರು ಇದನ್ನು ವಿಲ್ಮ್ಸ್ ಗಡ್ಡೆಗಳ ಗುಂಪಿನಲ್ಲಿ ತೀರಾ ಕೆಟ್ಟದಾಗಿ ವರ್ತಿಸುವ ಒಂದು ಬಗೆಯೆಂದು ಬೇರೆಯಾಗಿ ಗುರುತಿಸಿದರು; ಅಲ್ಲಿಂದೀಚೆಗೆ ಚಿಕಿತ್ಸೆ ತೀವ್ರವಾಗಿದೆ, ಆದರೆ ಉಳಿಯುವ ಮಕ್ಕಳು ಇಂದಿಗೂ ಕಡಿಮೆ. ಮರೆಮಾಚಿ ಬರೆಯುವುದು ನಿಮಗೆ ಉಪಕಾರವಲ್ಲ. ಶಸ್ತ್ರಕ್ರಿಯೆ, ಹಲವು ಔಷಧಗಳ ಕಿಮೋಥೆರಪಿ, ಸಂದರ್ಭ ನೋಡಿ ವಿಕಿರಣ, ಇವು ಮಕ್ಕಳ ಕ್ಯಾನ್ಸರ್ ವಿಭಾಗವಿರುವ ದೊಡ್ಡ ಕೇಂದ್ರದಲ್ಲೇ ಆಗಬೇಕು. ಮೊದಲ ದಿನದಿಂದಲೇ ನೋವು ಶಮನದ ತಂಡವನ್ನೂ ಜೊತೆಗೆ ಕರೆದುಕೊಳ್ಳಿ. ಅವರು ಬರುವುದು ಎಲ್ಲ ಮುಗಿದ ಮೇಲೆ ಎಂಬ ತಿಳಿವಳಿಕೆ ತಪ್ಪು.

ಪ್ರಶ್ನೆ: ನಮ್ಮ ಹಾಡಿಯಲ್ಲಿ ರಕ್ತ ಪರೀಕ್ಷೆ ಮಾಡಿ ನನಗೆ ಸಿಕಲ್ ಸೆಲ್ 'ಟ್ರೇಟ್' ಇದೆ ಎಂದು ಕಾರ್ಡು ಕೊಟ್ಟಿದ್ದಾರೆ. ಇದರಿಂದ ಮೂತ್ರಪಿಂಡದ ಕ್ಯಾನ್ಸರ್ ಬರುತ್ತದೆಯೇ?

ಉತ್ತರ: ಟ್ರೇಟ್ ಎಂದರೆ ಸಿಕಲ್ ಸೆಲ್ ರಕ್ತ ಕಾಯಿಲೆಯ ವಂಶವಾಹಿ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿರುವುದು. ಅದು ಇರುವ ಅಸಂಖ್ಯ ಜನರಲ್ಲಿ ತೀರಾ ಬೆರಳೆಣಿಕೆಯವರಿಗೆ ಮಾತ್ರ, ಹೆಚ್ಚಾಗಿ ಹದಿಹರೆಯದಿಂದ ಮೂವತ್ತರ ಹರೆಯದೊಳಗೆ, 'ರೀನಲ್ ಮೆಡ್ಯುಲರಿ ಕಾರ್ಸಿನೋಮಾ' ಎಂಬ ಗಡ್ಡೆ ಬರುತ್ತದೆ. 1995ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಹೆಚ್ಚಿನ ವರದಿಗಳು ಆಫ್ರಿಕಾ ಮೂಲದ ಯುವಕರವು, ಗಡ್ಡೆ ಹೆಚ್ಚಾಗಿ ಬಲ ಮೂತ್ರಪಿಂಡದಲ್ಲಿ. ಕುತೂಹಲದ ಸಂಗತಿಯೆಂದರೆ, ಇಲ್ಲಿಯೂ ಕಳೆದುಹೋಗಿರುವುದು ಮೇಲಿನ ಪತ್ರದ ಕೂಸಿನಲ್ಲಿ ಕಳೆದುಹೋದ ಅದೇ ಎಸ್‌ಎಂಎಆರ್‌ಸಿಬಿ1. ವಯಸ್ಸು ಬೇರೆ, ಹೆಸರು ಬೇರೆ, ಮೂಲದ ತಪ್ಪು ಒಂದೇ. ನೀವು ಭಯಪಟ್ಟು ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಉಷ್ಣ ಎಂದು ಎಳನೀರು ಕುಡಿದು ಸುಮ್ಮನಿರಬೇಡಿ. ವೈದ್ಯರಿಗೆ ಆ ಕಾರ್ಡನ್ನು ತೋರಿಸಿ. ಟ್ರೇಟ್ ಇದ್ದವರಿಗೆ ಗಡ್ಡೆಯಿಲ್ಲದೆಯೂ ಮೂತ್ರದಲ್ಲಿ ರಕ್ತ ಹೋಗುವುದುಂಟು, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಅಲ್ಟ್ರಾಸೌಂಡ್ ನೋಡಿದ ಮೇಲೆ.

ಪ್ರಶ್ನೆ: ನನಗೆ 61 ವರ್ಷ. ಮೂತ್ರಪಿಂಡದಲ್ಲಿ 3 ಸೆಂ.ಮೀ. ಗಡ್ಡೆ. ವೈದ್ಯರು ಸೂಜಿ ಬಯಾಪ್ಸಿ ಎನ್ನುತ್ತಾರೆ. ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂದು ಊರಿನವರು ಹೆದರಿಸಿದ್ದಾರೆ.

ಉತ್ತರ: ಮೇಲೆ ಮಗುವಿಗೆ ಸೂಜಿ ಬೇಡ ಎಂದು ಬರೆದವನೇ ನಿಮಗೆ ಮಾಡಿಸಿಕೊಳ್ಳಿ ಎನ್ನುತ್ತಿದ್ದೇನೆ. ಹಿರಿಯರ ಮೂತ್ರಪಿಂಡದ ಗಡ್ಡೆಗಳು ಬೇರೆ ಜಾತಿಯವು. ಹೊರ ಕೊಳವೆಯೊಂದರ ಒಳಗಿಂದ ಸೂಜಿ ಹಾಕುವ ಇಂದಿನ ವಿಧಾನದಲ್ಲಿ ದಾರಿಯುದ್ದಕ್ಕೂ ಕೋಶಗಳು ಬಿತ್ತಿಹೋಗುವುದು ಅತಿ ವಿರಳ. 4 ಸೆಂ.ಮೀ.ಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರೇ ಅಲ್ಲ. ಆಂಕೋಸೈಟೋಮಾ ಅಂಥದ್ದೊಂದು, ಮೆಟಾನೆಫ್ರಿಕ್ ಅಡೆನೋಮಾ ಇನ್ನೂ ಅಪರೂಪದ್ದು, ಕೆಲವರಲ್ಲಿ ಅದು ಕೆಂಪು ರಕ್ತಕಣಗಳನ್ನೇ ವಿಪರೀತ ಹೆಚ್ಚಿಸುತ್ತದೆ. ಬಯಾಪ್ಸಿಗೂ ಮಿತಿಯಿದೆ ಎಂಬುದನ್ನು ನಮ್ಮ ಕಡೆಯಿಂದ ಒಪ್ಪಿಕೊಳ್ಳಬೇಕು. ಆಂಕೋಸೈಟೋಮಾವನ್ನೂ ಕ್ರೋಮೋಫೋಬ್ ಎಂಬ ಕ್ಯಾನ್ಸರನ್ನೂ ಸೂಜಿಯಲ್ಲಿ ಬಂದ ದಾರದಷ್ಟು ತೆಳ್ಳನೆಯ ತುಣುಕಿನಲ್ಲಿ ಬೇರ್ಪಡಿಸುವುದು ಎಷ್ಟೋ ಸಲ ನಮಗೂ ಸಾಧ್ಯವಾಗುವುದಿಲ್ಲ. ಆಗ ಗಡ್ಡೆಯನ್ನಷ್ಟೇ ತೆಗೆದು ಮೂತ್ರಪಿಂಡ ಉಳಿಸುವ ಶಸ್ತ್ರಕ್ರಿಯೆ, ಅಥವಾ ನಿಮ್ಮ ಹೃದಯ, ಸಕ್ಕರೆ ಕಾಯಿಲೆಗಳನ್ನು ನೋಡಿಕೊಂಡು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತ ಕಾಯುವುದು, ಎರಡೂ ಮರ್ಯಾದೆಯ ದಾರಿಗಳೇ.

ಪ್ರಶ್ನೆ: ತಮ್ಮನಿಗೆ 22 ವರ್ಷ. ಬಿಪಿ 190ರ ಮೇಲಿದೆ, ನಾಲ್ಕು ಮಾತ್ರೆಗೂ ಇಳಿಯುತ್ತಿಲ್ಲ. ಪೊಟ್ಯಾಸಿಯಂ ಕಡಿಮೆ ಎಂದರು. ಹೊಟ್ಟೆಯ ಅಲ್ಟ್ರಾಸೌಂಡ್ ಸರಿಯಿದೆ. ಟೆನ್ಷನ್ ಇರಬಹುದೇ?

ಉತ್ತರ: ಇಪ್ಪತ್ತೆರಡರ ಹುಡುಗನ ಅಷ್ಟು ಬಿಪಿಯನ್ನು ಟೆನ್ಷನ್ನಿನ ತಲೆಗೆ ಕಟ್ಟಬಾರದು. ಮೂತ್ರಪಿಂಡದ ರಕ್ತನಾಳ ಕಿರಿದಾಗಿರುವುದು, ಅಡ್ರಿನಲ್ ಗ್ರಂಥಿಯ ತೊಂದರೆ, ಇವನ್ನು ಮೊದಲು ನೋಡುತ್ತಾರೆ. ರಕ್ತದೊತ್ತಡ ಏರಿಸುವ ರೆನಿನ್ ಮತ್ತು ಆಲ್ಡೋಸ್ಟೆರಾನ್ ಎಂಬ ಎರಡು ವಸ್ತುಗಳೂ ರಕ್ತದಲ್ಲಿ ಹೆಚ್ಚಿದ್ದು ರಕ್ತನಾಳಗಳು ಸರಿಯಾಗಿದ್ದರೆ, ರೆನಿನ್ ಸುರಿಸುವ ಪುಟ್ಟ ಗಡ್ಡೆಯೊಂದು ಮೂತ್ರಪಿಂಡದೊಳಗೇ ಅಡಗಿರಬಹುದು. ಇದು ಮೊದಲ ಸಲ ವರದಿಯಾದದ್ದೂ ಅದೇ 1967ರಲ್ಲಿ. ಗೋಲಿಗಿಂತ ಸ್ವಲ್ಪ ದೊಡ್ಡದಿರುವ ಇದು ಅಲ್ಟ್ರಾಸೌಂಡಿನಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಬಣ್ಣದ ಔಷಧ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಬೇಕು. ಬಹಳ ಅಪರೂಪ, ಆದರೆ ಸಿಕ್ಕರೆ ತೆಗೆದ ಮೇಲೆ ಹೆಚ್ಚಿನವರ ಬಿಪಿ ಮಾತ್ರೆಯಿಲ್ಲದೆಯೇ ಸರಿಹೋಗುತ್ತದೆ. ರೆನಿನ್ ಪರೀಕ್ಷೆಗೆ ಮುಂಚೆ ಕೆಲವು ಬಿಪಿ ಮಾತ್ರೆಗಳನ್ನು ಬದಲಿಸಬೇಕಾಗುತ್ತದೆ. ಅದನ್ನು ತಜ್ಞರೇ ಮಾಡಲಿ, ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ. ಎರಡೂ ಮೂತ್ರಪಿಂಡಗಳಲ್ಲಿ 'ಆಂಜಿಯೋಮಯೋಲೈಪೋಮಾ' ಇದೆ, ದೊಡ್ಡದು 5 ಸೆಂ.ಮೀ. ಮುಖದಲ್ಲಿ ಚಿಕ್ಕಂದಿನಿಂದ ಮೊಡವೆಯಂಥ ಗುಳ್ಳೆಗಳು, ಬೆನ್ನಿನಲ್ಲಿ ಎಲೆಯಾಕಾರದ ಬಿಳಿ ಮಚ್ಚೆಗಳಿವೆ. ತೊನ್ನು ಎಂದು ಔಷಧ ಹಚ್ಚುತ್ತಿದ್ದೆ.

ಉತ್ತರ: ಅದು ತೊನ್ನೂ ಅಲ್ಲ, ಮೊಡವೆಯೂ ಅಲ್ಲ ಎನಿಸುತ್ತದೆ. ನೀವು ಬರೆದ ಮೂರೂ ಸೇರಿದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯನ್ನು ಯೋಚಿಸಲೇಬೇಕು. ಆಂಜಿಯೋಮಯೋಲೈಪೋಮಾ ಎಂದರೆ ರಕ್ತನಾಳ, ಸ್ನಾಯು, ಕೊಬ್ಬು ಮೂರೂ ಸೇರಿ ಬೆಳೆದ ಗಡ್ಡೆ. ಆ ಕೊಬ್ಬು ಸ್ಕ್ಯಾನಿನಲ್ಲಿ ಕಂಡರೆ ಸಾಕು, ಸೂಜಿಯೇ ಬೇಡ. ಇದು ಕ್ಯಾನ್ಸರ್ ಅಲ್ಲ. ಇದರ ಅಪಾಯ ರಕ್ತಸ್ರಾವದ್ದು. 4 ಸೆಂ.ಮೀ. ದಾಟಿದ ಗಡ್ಡೆಯಲ್ಲಿ, ಅದರಲ್ಲೂ ಗರ್ಭಿಣಿಯಾಗಿರುವಾಗ, ಒಳಗಿನ ದುರ್ಬಲ ರಕ್ತನಾಳ ಒಡೆಯುವ ಸಾಧ್ಯತೆ ಹೆಚ್ಚುತ್ತದೆ. ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ತಲೆಸುತ್ತು, ಬೆವರು ಬಂದರೆ ಹೆರಿಗೆ ನೋವೋ ಅಲ್ಲವೋ ಎಂದು ಕಾಯದೆ, ರಕ್ತನಾಳವನ್ನು ಒಳಗಿನಿಂದ ಮುಚ್ಚುವ ಎಂಬೊಲೈಸೇಷನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಆ ಆಸ್ಪತ್ರೆ ಯಾವುದೆಂದು ಈಗಲೇ ಗೊತ್ತುಮಾಡಿಕೊಂಡು, ಸ್ಕ್ಯಾನಿನ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಇಟ್ಟಿರಿ. ಈ ಗಡ್ಡೆಗಳನ್ನು ಕುಗ್ಗಿಸುವ ಎವರೊಲಿಮಸ್ ಎಂಬ ಮಾತ್ರೆ 2012ರಿಂದ ಬಳಕೆಯಲ್ಲಿದೆ, ಆದರೆ ಅದು ಗರ್ಭಿಣಿಯರಿಗಲ್ಲ. ಹೆರಿಗೆಯ ನಂತರದ ಮಾತು. ಕಾಯಿಲೆ ಖಚಿತವಾದರೆ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ ಇರುವುದರಿಂದ, ತಳಿವಿಜ್ಞಾನ ತಜ್ಞರನ್ನೂ ಈ ತಿಂಗಳೇ ಕಾಣಿ.

ಪ್ರಶ್ನೆ: ಎರಡನೇ ಅಭಿಪ್ರಾಯಕ್ಕೆ 'ಬ್ಲಾಕ್' ತನ್ನಿ ಎನ್ನುತ್ತಾರೆ. ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಯಲ್ಲಿ ಕೇಳಿದರೆ ವರದಿ ಕೊಟ್ಟಿದ್ದೇವಲ್ಲ ಎಂದು ಕಳಿಸಿದರು.

ಉತ್ತರ: ತೆಗೆದ ಗಡ್ಡೆಯ ಆಯ್ದ ತುಣುಕುಗಳನ್ನು ಬಿಳಿ ಮೇಣದಲ್ಲಿ ಅಚ್ಚು ಹಾಕಿ ಇಟ್ಟಿರುತ್ತೇವೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ, ಅಂಚಿಗೆ ಒಂದು ಸಂಖ್ಯೆ ಬರೆದು. ಅದೇ ಬ್ಲಾಕ್. ಅದರಿಂದ ಕತ್ತರಿಸಿದ ಕೂದಲಿಗಿಂತ ತೆಳುವಾದ ಪದರ ಗಾಜಿನ ಮೇಲೆ ಕೂತರೆ ಸ್ಲೈಡ್. ಈ ಅಂಕಣದಲ್ಲಿ ಬಂದ ಬಣ್ಣದ ಪರೀಕ್ಷೆ, ವಂಶವಾಹಿ ಪರೀಕ್ಷೆ ಯಾವುದೇ ಆಗಲಿ, ಬೇಕಾಗುವುದು ಬ್ಲಾಕ್. ಕಾಗದದ ವರದಿಯಿಂದ ಅವನ್ನು ಮಾಡಲಾಗದು. ಅಪರೂಪದ ಗಡ್ಡೆಗಳನ್ನು ವರ್ಷಕ್ಕೆ ಒಂದೆರಡು ನೋಡುವವರಿಗೂ, ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಮೇಲಿಂದ ಮೇಲೆ ನೋಡುವವರಿಗೂ ಕಣ್ಣಿನ ಪಳಗಿಕೆಯಲ್ಲಿ ವ್ಯತ್ಯಾಸವಿರುವುದು ಸಹಜ. ಮರುಪರಿಶೀಲನೆ ಕೇಳಿದರೆ ನಮಗೆ ಅವಮಾನವೇನಲ್ಲ, ನಾನೂ ಕಳಿಸುತ್ತೇನೆ.

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ. ರೋಗಿಯ ಹೆಸರು, ವರದಿಯ ಬಯಾಪ್ಸಿ ಸಂಖ್ಯೆ, ಬ್ಲಾಕ್ ಯಾವ ಆಸ್ಪತ್ರೆಗೆ ಎಂಬುದನ್ನು ಬರೆದ ಅರ್ಜಿಯನ್ನು ಪೆಥಾಲಜಿ ವಿಭಾಗಕ್ಕೇ ಕೊಡಿ. ಗಡ್ಡೆಯಿರುವ ಬ್ಲಾಕುಗಳಲ್ಲಿ ಒಂದೆರಡನ್ನು, ಜೊತೆಗೆ ಆರೋಗ್ಯವಂತ ಅಂಗಾಂಶ ಇರುವ ಒಂದನ್ನು ಕೇಳಿ, ವರದಿಯ ಪ್ರತಿಯನ್ನೂ ಸೇರಿಸಿಕೊಳ್ಳಿ. ತೆಗೆದುಕೊಳ್ಳುವಾಗ ಪುಸ್ತಕದಲ್ಲಿ ಸಹಿ ಹಾಕಿ, ಬ್ಲಾಕಿನ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ಹೊಂದುತ್ತದೆಯೇ ಎಂದು ಅಲ್ಲೇ ನೋಡಿ. ಪ್ರಯಾಣದಲ್ಲಿ ಚಿಕ್ಕ ಗಟ್ಟಿ ಡಬ್ಬಿಯೊಳಗೆ ಹತ್ತಿ ಸುತ್ತಿ ಇಡಿ. ಅದು ಮೇಣ, ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿಯಲ್ಲೋ ಕಾರಿನ ಮುಂಗಾಜಿನ ಕೆಳಗೋ ಬಿಟ್ಟು ಊಟಕ್ಕೆ ಹೋಗಬೇಡಿ. ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕನ್ನು ಮರಳಿ ಕೇಳಿ ಪಡೆದು, ಅದು ಹೊರಟ ವಿಭಾಗಕ್ಕೇ ತಲುಪಿಸಿ ಇನ್ನೊಂದು ಸಹಿ ಹಾಕಿಸಿಕೊಳ್ಳಿ.